ಚೀಟಿ ಹಿಡಿದು ಯಾವ ಅಂಗಡಿಗೆ?

ನಾನು ಕನ್ನಡದಲ್ಲಿ ಬರೆದ ಮೊದಲ ಬರಹ ಕಥೆಯಲ್ಲ, ಸಾಮಾನಿನ ಚೀಟಿ. ಅಮ್ಮಿಗೆ ಉರ್ದು ಬಿಟ್ಟರೆ ಬೇರೆ ಅಕ್ಷರ ಗೊತ್ತಿರಲಿಲ್ಲ. ಕಿರಾಣಿ ಅಂಗಡಿಯ ಶೆಟ್ಟರಿಗೆ ಕನ್ನಡ ಬಿಟ್ಟರೆ ಬೇರೆ ಅಕ್ಷರ ಗೊತ್ತಿರಲಿಲ್ಲ. ಹಾಗಾಗಿ ಅಬ್ಬಾನ ವಾರದ ಕೂಲಿ ಬರುವ ಶನಿವಾರ ಅಮ್ಮಿ ಒಲೆಯ ಮುಂದೆ ಕುಳಿತು ದಖ್ಖನಿಯಲ್ಲಿ ಹೇಳುತ್ತಾ ಹೋಗುತ್ತಿದ್ದಳು, ಉರ್ದು ಶಾಲೆಯಲ್ಲಿ ಎರಡನೆಯ ಭಾಷೆಯಾಗಿ ಕನ್ನಡ ಕಲಿಯುತ್ತಿದ್ದ ನಾನು ಬರೆಯುತ್ತಾ ಹೋಗುತ್ತಿದ್ದೆ. ಹಲ್ದಿ ಅರಿಶಿನವಾಗಬೇಕು, ಇಮ್ಲಿ ಹುಣಸೆಯಾಗಬೇಕು, ರಾಯಿ ಸಾಸಿವೆಯಾಗಬೇಕು. ಶೆಟ್ಟರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಕಾಗುಣಿತದ ತಪ್ಪನ್ನು ಲೆಕ್ಕದ ಪೆನ್ಸಿಲಿನಿಂದಲೇ ತಿದ್ದಿ, ಸಾಮಾನಿನ ಜೊತೆ ಚೀಟಿಯನ್ನೂ ವಾಪಸು ಕೊಡುತ್ತಿದ್ದರು.

ಶೆಟ್ಟರ ಅಂಗಡಿಗೆ ಹೋಗಬೇಕಾದರೆ ನಮ್ಮ ಬಂಧುವೊಬ್ಬರ ಅಂಗಡಿಯನ್ನು ದಾಟಿ ಹೋಗಬೇಕಿತ್ತು. ಅಲ್ಲಿಯೂ ಅದೇ ಅಕ್ಕಿ, ಅದೇ ಬೇಳೆ, ಅದೇ ಸೀಮೆಎಣ್ಣೆ. ನಮ್ಮ ಮನೆಗೆ ಅದೇ ಹತ್ತಿರ. ಅಂಗಡಿಯ ಮಾಲಿಕರು ಹಬ್ಬದ ದಿನ ನನ್ನ ಕೈಗೆ ಈದಿ ಕೊಡುತ್ತಿದ್ದವರು. ಆದರೂ ಅಮ್ಮಿ ಚೀಲ ಕೊಟ್ಟು, ಆ ಅಂಗಡಿಯ ಮುಂದೆ ಹೋಗುವಾಗ ಚೀಲವನ್ನು ಮಡಚಿ ಹಿಡಿದುಕೋ ಎಂದು ಹೇಳಿ ಕಳಿಸುತ್ತಿದ್ದಳು. ನಮ್ಮವರ ಅಂಗಡಿ ಬಿಟ್ಟು ಅಷ್ಟು ದೂರ ಯಾಕೆ ಎಂದು ಕೇಳಿದರೆ ಉತ್ತರ ಬರುತ್ತಿರಲಿಲ್ಲ. ನನ್ನದೇ ಸಂಸಾರ ಶುರುವಾದ ಮೇಲೆ ಉತ್ತರ ತಾನಾಗಿ ಹೊಳೆಯಿತು. ಬಂಧುವಿನ ಅಂಗಡಿಯಲ್ಲಿ ಉದ್ರಿ ಬರೆಸಿದರೆ ಅದು ಖಾತೆ ಪುಸ್ತಕದಲ್ಲಿ ಮಾತ್ರ ಉಳಿಯುವುದಿಲ್ಲ. ಜುಮಾ ನಮಾಝಿನ ನಂತರ ಮಸೀದಿಯ ಮೆಟ್ಟಿಲ ಮೇಲೂ, ಮದುವೆ ಮನೆಯ ಹೆಂಗಸರ ಕೋಣೆಯಲ್ಲೂ ಓಡಾಡುತ್ತದೆ. ಶೆಟ್ಟರ ಪುಸ್ತಕದಲ್ಲಿದ್ದ ನಮ್ಮ ಬಡತನ ಶೆಟ್ಟರಿಗೆ ಮಾತ್ರ ಗೊತ್ತಿತ್ತು. ಅಮ್ಮಿ ಮಾನ ಉಳಿಯುವ ಅಂಗಡಿಯನ್ನು ಆರಿಸಿಕೊಂಡಿದ್ದಳು.

ಈ ಹಳೆಯ ಸಂಗತಿಯನ್ನು ಹೇಳಲು ಕಾರಣವಿದೆ. ಯಾವ ಅಂಗಡಿಯಲ್ಲಿ ಕೊಳ್ಳಬೇಕು ಎನ್ನುವುದು ಒಂದು ಕಾಲದಲ್ಲಿ ಅಡುಗೆ ಮನೆಯ ಪ್ರಶ್ನೆಯಾಗಿತ್ತು. ಈಗ ಅದು ಬೀದಿಯ ಪ್ರಶ್ನೆಯಾಗಿದೆ. ಇಂಥವರ ಬಳಿ ಕೊಳ್ಳಬೇಡಿ ಎನ್ನುವ ಕರಪತ್ರ, ಫ್ಲೆಕ್ಸ್, ವಾಟ್ಸಾಪ್ ಸಂದೇಶಗಳನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೆ ಎದುರಾಗಿ ಸೌಹಾರ್ದದ ಭಾಷಣಗಳೂ, ಲೇಖನಗಳೂ, ಕಥೆಗಳೂ ಬಂದಿವೆ. ನಾನೂ ಅಂಥದ್ದನ್ನು ಬರೆದಿದ್ದೇನೆ. ಆದರೆ ಕರಪತ್ರ ಹಂಚುವವರೂ ಅದನ್ನು ವಿರೋಧಿಸುವ ನಾವೂ ಒಂದು ವಿಷಯದಲ್ಲಿ ಒಂದೇ ತಪ್ಪು ಮಾಡುತ್ತಿದ್ದೇವೆ ಎಂದು ಇತ್ತೀಚೆಗೆ ಅನಿಸುತ್ತಿದೆ. ಕೊಳ್ಳುವವರು ಧರ್ಮ ನೋಡಿಯೇ ಅಂಗಡಿ ಆರಿಸುತ್ತಾರೆ, ಅಥವಾ ಧರ್ಮವನ್ನು ಮೀರಿ ಆರಿಸುತ್ತಾರೆ ಎಂದು ಇಬ್ಬರೂ ತಿಳಿದಿದ್ದೇವೆ. ಅವರು ಬಹುತೇಕ ಅದನ್ನು ಯೋಚಿಸಿಯೇ ಇರುವುದಿಲ್ಲ. ಮುಸ್ಲಿಮ್ ಹೆಂಗಸು ಶೆಟ್ಟರ ಅಂಗಡಿಗೆ ಹೋದದ್ದನ್ನು ನೋಡಿ ನಮ್ಮ ಲೇಖಕರ ಕಣ್ಣು ಒದ್ದೆಯಾಗುತ್ತದೆ. ಆ ಹೆಂಗಸಿಗೆ ಬೇಕಾಗಿದ್ದದ್ದು ಕಲ್ಲಿಲ್ಲದ ಅಕ್ಕಿ.

ಹಾಗಾದರೆ ಜನ ಅಂಗಡಿಯನ್ನು ಹೇಗೆ ಆರಿಸುತ್ತಾರೆ? ನಾನು ಕಂಡಂತೆ ಕಾರಣಗಳೆಲ್ಲ ಸಣ್ಣವು. ಮನೆಗೆ ಹತ್ತಿರ ಇರಬೇಕು, ಆದರೆ ತೀರಾ ಹತ್ತಿರವೂ ಅಲ್ಲ. ಚಿಲ್ಲರೆ ಇಲ್ಲವೆಂದು ಚಾಕಲೇಟು ಕೊಟ್ಟು ಕಳಿಸಬಾರದು. ಹುಳ ಬಿದ್ದ ರವೆಯನ್ನು ವಾಪಸು ಒಯ್ದರೆ ಮುಖ ಗಂಟಿಕ್ಕಬಾರದು. ಹೆಂಗಸರು ಬಂದಾಗ ಅಂಗಡಿ ಕಟ್ಟೆಯ ಮೇಲೆ ಕೂತ ಗಂಡಸರು ಎದ್ದು ಜಾಗ ಬಿಡುವಂತಿರಬೇಕು. ಇವೆಲ್ಲಕ್ಕಿಂತ ದೊಡ್ಡ ಪರೀಕ್ಷೆ ಒಂದಿದೆ. ಹೆಣ್ಣುಮಗುವನ್ನು ಒಬ್ಬಳೇ ಕಳಿಸಿದರೆ ತೂಕ ಸರಿಯಾಗಿ ಬರಬೇಕು, ಉಳಿದ ಹಣ ಸರಿಯಾಗಿ ಬರಬೇಕು, ಮಗುವೂ ಸರಿಯಾಗಿ ಬರಬೇಕು. ನಮ್ಮ ಕೇರಿಯ ಎಷ್ಟೋ ತಾಯಂದಿರು ತಾವು ನಿತ್ಯ ಸಾಮಾನು ತರಿಸುವ ಅಂಗಡಿಯ ಹೊಸ್ತಿಲನ್ನು ವರ್ಷಗಟ್ಟಲೆ ತುಳಿಯದವರು. ಆದರೂ ಆ ಅಂಗಡಿಯ ಗುಣ ಅವರಿಗೆ ಗೊತ್ತಿರುತ್ತಿತ್ತು. ಮನೆಗೆ ಬಂದ ಪೊಟ್ಟಣ ಬಿಚ್ಚಿದಾಗ ಅದು ತಿಳಿಯುತ್ತಿತ್ತು.

ಇದರ ಜೊತೆಗೆ ಉದ್ರಿ. ಖಾತೆ ಪುಸ್ತಕದಲ್ಲಿ ಬಡ್ಡಿ ಎಂದು ಬರೆಯುವುದಿಲ್ಲ, ನಿಜ. ಆದರೆ ಉದ್ರಿಯ ಗಿರಾಕಿಗೆ ಬಿಡಿ ಸಾಮಾನಿನ ದರದಲ್ಲಿ ಒಂದೆರಡು ರೂಪಾಯಿ ಹೆಚ್ಚಿರುತ್ತದೆ. ಅದನ್ನು ಕೇಳುವ ಬಾಯಿಯೂ ಇರುವುದಿಲ್ಲ. ಖಾತೆ ಇರುವ ಮನೆಯವರು ಕೈಯಲ್ಲಿ ನಗದು ಬಂದ ದಿನ ಬೇರೆ ಅಂಗಡಿಗೆ ಹೋಗುವಂತಿಲ್ಲ, ಹೋದರೆ ಸಂಜೆಯೊಳಗೆ ಸುದ್ದಿ ತಲುಪುತ್ತದೆ. ದೊಡ್ಡ ಮಳಿಗೆಯಲ್ಲಿ ಐದು ಲೀಟರ್ ಎಣ್ಣೆಯ ಡಬ್ಬ ಅಗ್ಗ. ಆ ಅಗ್ಗವನ್ನು ಕೊಳ್ಳಲು ಒಮ್ಮೆಗೇ ಐದು ಲೀಟರಿನ ಹಣ ಬೇಕು. ಅದಿಲ್ಲದವರು ಸಣ್ಣ ಪೊಟ್ಟಣಗಳನ್ನು ಕೊಳ್ಳುತ್ತಾ, ತೂಕಕ್ಕೆ ಹೋಲಿಸಿದರೆ ಶ್ರೀಮಂತರಿಗಿಂತ ಹೆಚ್ಚಿನ ದರ ಕೊಡುತ್ತಾ ಬದುಕುತ್ತಾರೆ. ಆದ್ದರಿಂದ ಊರ ಕಿರಾಣಿ ಅಂಗಡಿಯನ್ನು ಹಳೆಯ ಕಾಲದ ಸ್ವರ್ಗವೆಂದು ಚಿತ್ರಿಸುವುದು ಬೇಡ. ಅಲ್ಲಿ ದಾಕ್ಷಿಣ್ಯವಿತ್ತು, ಕಟ್ಟುಪಾಡೂ ಇತ್ತು. ಕೊಳ್ಳುವವರು ಎರಡನ್ನೂ ತೂಗಿ ನೋಡುತ್ತಿದ್ದರು.

ನಮ್ಮ ಧರ್ಮದಲ್ಲಿ ವ್ಯಾಪಾರದ ಬಗ್ಗೆ ಪಾಠವಾದಾಗ ಹೆಚ್ಚಾಗಿ ಮಾರುವವನ ಕರ್ತವ್ಯವನ್ನು ಹೇಳುತ್ತಾರೆ. ಅಳತೆಯಲ್ಲಿ ಕಡಿಮೆ ಮಾಡುವವರಿಗೆ ಎಚ್ಚರಿಕೆ ಕೊಡುವ ಅಧ್ಯಾಯವೇ ಪವಿತ್ರ ಕುರ್‌ಆನಿನಲ್ಲಿದೆ, ಅದರ ಹೆಸರೇ ಅಲ್ ಮುತಫ್ಫಿಫೀನ್. ಪ್ರವಾದಿ ಮುಹಮ್ಮದರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ಒದ್ದೆಯನ್ನು ಕಂಡು, ಒದ್ದೆಯಾದದ್ದನ್ನು ಜನ ನೋಡುವಂತೆ ಮೇಲೇಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗ ಮದ್ರಸದ ಮಕ್ಕಳಿಗೂ ಗೊತ್ತು. ಆದರೆ ಪ್ರವಾದಿಯವರು ಕೊಳ್ಳುವವರಾಗಿಯೂ ಇದ್ದರು. ಅವರು ನಿಧನರಾದಾಗ ಅವರ ಯುದ್ಧ ಕವಚ ಮದೀನದ ಒಬ್ಬ ಯಹೂದಿಯ ಬಳಿ ಅಡವಿನಲ್ಲಿತ್ತು, ಮನೆಗೆ ತಂದ ಜವೆಗೋಧಿಯ ಬಾಬ್ತಿಗೆ. ಇದನ್ನು ಹೇಳಿದವರು ಆಯಿಷಾ(ರ). ಸುತ್ತಲೂ ಅನುಯಾಯಿಗಳಿದ್ದಾಗ ಬೇರೆ ಧರ್ಮದವನ ಬಳಿ ಯಾಕೆ ಉದ್ರಿ ಎಂದು ಹದೀಸಿನ ವ್ಯಾಖ್ಯಾನಕಾರರು ಚರ್ಚಿಸಿದ್ದಾರೆ. ಅವರು ಕೊಡುವ ಕಾರಣಗಳಲ್ಲಿ ಒಂದು, ಅನುಯಾಯಿಗಳಾದರೆ ಪ್ರೀತಿಯಿಂದ ಬೆಲೆಯನ್ನೇ ತೆಗೆದುಕೊಳ್ಳದೆ ಹೋಗಬಹುದಿತ್ತು, ಆ ಹಂಗು ಬೇಡವಾಗಿತ್ತು ಎಂಬುದು. ಇದನ್ನು ಓದಿದಾಗ ನನಗೆ ಅಮ್ಮಿಯ ಮಡಚಿದ ಚೀಲ ನೆನಪಾಯಿತು. ಅಮ್ಮಿ ಹದೀಸಿನ ವ್ಯಾಖ್ಯಾನ ಓದಿದವಳಲ್ಲ. ಹಂಗಿಲ್ಲದೆ ಕೊಳ್ಳುವ ಆಸೆ ಅಷ್ಟು ಹಳೆಯದು ಮತ್ತು ಅಷ್ಟು ಸಹಜವಾದದ್ದು.

ಈಗ ಬಹಿಷ್ಕಾರದ ಮಾತಿಗೆ ಬರೋಣ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನ ಮೊದಲ ವಾರಗಳಲ್ಲಿ, ತರಕಾರಿ ಗಾಡಿಯವನ ಹೆಸರು ಕೇಳಿ ಓಣಿಗೆ ಬಿಡುವ ಪದ್ಧತಿ ಕೆಲವೆಡೆ ಶುರುವಾಯಿತು. ಕೆಲವರ ತಪ್ಪಿಗೆ ಇಡೀ ಸಮುದಾಯವನ್ನು ದೂಷಿಸಬಾರದು ಎಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಎಚ್ಚರಿಸಬೇಕಾಯಿತು. 2022ರ ಮಾರ್ಚ್ 15ರಂದು ಹಿಜಾಬ್ ಕುರಿತು ಹೈಕೋರ್ಟಿನ ತೀರ್ಪು ಬಂತು, 17ರಂದು ಮುಸ್ಲಿಮ್ ವ್ಯಾಪಾರಿಗಳು ಅಂಗಡಿ ಮುಚ್ಚಿ ಬಂದ್ ಆಚರಿಸಿದರು. ಅದನ್ನೇ ಕಾರಣವಾಗಿ ತೋರಿಸಿ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಮರಿಗೆ ಅಂಗಡಿ ಹಾಕಲು ಬಿಡಲಿಲ್ಲ. ಅಲ್ಲಿಂದ ಅದು ಜಾತ್ರೆಯಿಂದ ಜಾತ್ರೆಗೆ ಹಬ್ಬಿತು. ಮುಲ್ಕಿಯ ಬಪ್ಪನಾಡಿನಲ್ಲೂ ಅಂಥ ಫಲಕ ಬಂತು. ಆ ದೇವಸ್ಥಾನದ ಐತಿಹ್ಯದಲ್ಲಿ ಅದರ ಹುಟ್ಟಿಗೆ ಕಾರಣನಾದವನು ಬಪ್ಪ ಬ್ಯಾರಿ ಎಂಬ ವ್ಯಾಪಾರಿ.

ಆಗಿನ ಸರಕಾರ 1997ರ ಧಾರ್ಮಿಕ ದತ್ತಿ ಕಾಯ್ದೆಯ ಅಡಿ 2002ರಲ್ಲಿ ಮಾಡಿದ ನಿಯಮಗಳನ್ನು ವಿಧಾನಸಭೆಯಲ್ಲಿ ಉಲ್ಲೇಖಿಸಿತು. ದೇವಸ್ಥಾನದ ಹತ್ತಿರದ ಅದರ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದು ಎಂಬ ನಿಯಮ ಅಲ್ಲಿದೆ. ಆವರಣದ ಹೊರಗೆ ಹೀಗೆ ತಡೆದಿದ್ದರೆ ಸರಿಪಡಿಸುತ್ತೇವೆ ಎಂದೂ ಸರಕಾರ ಹೇಳಿತು. ಆಡಳಿತ ಪಕ್ಷದಲ್ಲೇ ಇದ್ದ ಎ.ಎಚ್. ವಿಶ್ವನಾಥ್ ಮತ್ತು ಅನಿಲ್ ಬೆನಕೆ ಬಹಿರಂಗವಾಗಿ ಈ ನಿರ್ಬಂಧವನ್ನು ವಿರೋಧಿಸಿದರು. ಈ ಚರ್ಚೆಯಲ್ಲಿ ದೇವಸ್ಥಾನದವರು ಮಾತಾಡಿದರು, ಸಂಘಟನೆಗಳವರು ಮಾತಾಡಿದರು, ವ್ಯಾಪಾರಿಗಳ ಸಂಘದವರು ಮಾತಾಡಿದರು, ಮಂತ್ರಿಗಳು ಮಾತಾಡಿದರು. ಜಾತ್ರೆಗೆ ಬಂದು ಬಳೆ, ಬೆಂಡು ಬತ್ತಾಸು, ಕಲ್ಲಂಗಡಿ ಕೊಳ್ಳುವ ಭಕ್ತರನ್ನು ಯಾರೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎನ್ನುವುದನ್ನು ಸ್ವಲ್ಪ ಯೋಚಿಸಬೇಕು. ಭಕ್ತರು ಧರ್ಮ ನೋಡಿಯೇ ಕೊಳ್ಳುತ್ತಾರೆ ಎಂಬ ನಂಬಿಕೆ ಬಹಿಷ್ಕಾರ ಹೂಡಿದವರಿಗೆ ಇದ್ದಿದ್ದರೆ ಫ್ಲೆಕ್ಸ್ ಕಟ್ಟುವ ಅಗತ್ಯವೇ ಇರುತ್ತಿರಲಿಲ್ಲ. ಮುಸ್ಲಿಮ್ ವ್ಯಾಪಾರಿ ಅಂಗಡಿ ಹಾಕಿಕೊಂಡು ನೊಣ ಹೊಡೆಯುತ್ತಾ ಕೂತು ತಾನೇ ಎದ್ದು ಹೋಗುತ್ತಿದ್ದ. ಅಂಗಡಿಯನ್ನು ಹಾಕಲಿಕ್ಕೇ ಬಿಡಬಾರದು ಎಂದದ್ದು, ಹಾಕಿದರೆ ಜನ ಕೊಳ್ಳುತ್ತಾರೆ ಎಂದು ಗೊತ್ತಿದ್ದುದರಿಂದ. 2022ರ ಏಪ್ರಿಲ್ 9ರಂದು ಧಾರವಾಡದ ನುಗ್ಗಿಕೇರಿಯ ಹನುಮಂತ ದೇವರ ಗುಡಿಯ ಬಳಿ ವೃದ್ಧ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ಬೀದಿಗೆ ಎಸೆದು ಒಡೆದರು. ಕೊಳ್ಳುವವರಿಲ್ಲದ ಹಣ್ಣನ್ನು ಯಾರೂ ಒಡೆಯುವುದಿಲ್ಲ. ಬಹಿಷ್ಕಾರದ ಕರೆ ಕೊಳ್ಳುವವರಿಗೆ ಕೊಟ್ಟದ್ದೆಂದು ಕಾಣುತ್ತದೆ, ಆದರೆ ಅದರ ಒಳಗಿರುವುದು ಕೊಳ್ಳುವವರ ಮೇಲಿನ ಅಪನಂಬಿಕೆ.

ಅದೇ ವರ್ಷ ಏಪ್ರಿಲ್ ಮೊದಲ ವಾರ ಯುಗಾದಿಯ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ ಬಂತು. ನಮ್ಮ ಪಕ್ಕದ ಮನೆಯಾಕೆ ಪ್ರತಿವರ್ಷದಂತೆ ಅದೇ ಮಟನ್ ಅಂಗಡಿಗೆ ಗಂಡನನ್ನು ಕಳಿಸಿದರು. ನಾನು ಸೌಹಾರ್ದದ ಒಂದು ಒಳ್ಳೆಯ ಮಾತು ಸಿಗಬಹುದೆಂಬ ಆಸೆಯಿಂದ ಕಾರಣ ಕೇಳಿದೆ. ಅವನು ಚರ್ಬಿ ತೆಗೆದು ಕೊಡುತ್ತಾನೆ ಎಂದರು. ಆಗ ನನಗೆ ನಿರಾಸೆಯೇ ಆಯಿತು. ಈಗ ಅನಿಸುತ್ತದೆ, ಅದಕ್ಕಿಂತ ಗಟ್ಟಿಯಾದ ಉತ್ತರವನ್ನು ಅವರು ಕೊಡಲು ಸಾಧ್ಯವಿರಲಿಲ್ಲ. ಸೌಹಾರ್ದಕ್ಕಾಗಿ ಬಂದವರು ಮುಂದಿನ ಗಲಭೆಯಲ್ಲಿ ಮನಸ್ಸು ಬದಲಿಸಬಹುದು. ಚರ್ಬಿ ತೆಗೆದು ಕೊಡುವುದಕ್ಕಾಗಿ ಬಂದವರು ಚರ್ಬಿ ತೆಗೆಯುವ ತನಕ ಬರುತ್ತಾರೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ನೀವು ಮಾಂಸವನ್ನು ನಿಮ್ಮವರ ಅಂಗಡಿಯಲ್ಲೇ ಕೊಳ್ಳುತ್ತೀರಿ, ಬೇರೆಯವರು ಹಾಗೆ ಮಾಡಿದರೆ ಯಾಕೆ ತಪ್ಪು? ಇದನ್ನು ನನ್ನ ಕನ್ನಡದ ಗೆಳೆಯರು ನೇರವಾಗಿಯೇ ಕೇಳಿದ್ದಾರೆ. ಇದಕ್ಕೆ ಸಿಟ್ಟಾಗದೆ ಉತ್ತರ ಕೊಡಬೇಕು. ಹಲಾಲ್ ಎನ್ನುವುದು ತಿನ್ನುವವರು ತಮಗೆ ತಾವೇ ಹಾಕಿಕೊಂಡ ನಿಯಮ. ಪ್ರಾಣಿಯನ್ನು ಹೇಗೆ ಕೊಯ್ದರು ಎಂಬ ಪ್ರಶ್ನೆಗೆ ಅದು ಸಂಬಂಧಿಸಿದ್ದು. ಅಕ್ಕಿ, ಬಟ್ಟೆ, ಮೊಳೆ, ಸುಣ್ಣಕ್ಕೆ ಅದು ಅನ್ವಯಿಸುವುದಿಲ್ಲ. ಯಾರಿಗಾದರೂ ಹಲಾಲ್ ಮಾಂಸ ಬೇಡವಾದರೆ ಅದು ಅವರ ಹಕ್ಕು, ಈರುಳ್ಳಿ ಬೆಳ್ಳುಳ್ಳಿ ತಿನ್ನದವರ ಹಕ್ಕಿನಂತೆಯೇ. ಅದರ ಬಗ್ಗೆ ದೂರು ಹೇಳಲು ನಮಗೆ ಅಧಿಕಾರವಿಲ್ಲ. ಆದರೆ ನಾನು ಕೊಳ್ಳುವುದಿಲ್ಲ ಎನ್ನುವುದು ಬೇರೆ, ಇನ್ನೊಬ್ಬರ ಅಂಗಡಿಯ ಮುಂದೆ ನಿಂತು ಮೂರನೆಯವರು ಕೊಳ್ಳದಂತೆ ತಡೆಯುವುದು ಬೇರೆ. ಮೊದಲನೆಯದು ಆಯ್ಕೆ. ಎರಡನೆಯದು ಆಯ್ಕೆಯನ್ನೇ ಕಿತ್ತುಕೊಳ್ಳುವುದು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕಸವನ್ನೂ ಗುಡಿಸಬೇಕು. 2022ರ ಆ ದಿನಗಳಲ್ಲೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇನ್ನು ನಾವೂ ನಮ್ಮವರ ಅಂಗಡಿಯಲ್ಲೇ ಕೊಳ್ಳೋಣ ಎಂಬ ಸಂದೇಶ ಓಡಾಡಿತು. ನೋವಿನಿಂದ ಬಂದ ಮಾತು ಎನ್ನುವುದು ಗೊತ್ತು. ಗಾಡಿ ಮಗುಚಿಸಿಕೊಂಡವನ ಮಕ್ಕಳ ಹೊಟ್ಟೆಗಾಗಿ ಹತ್ತು ಜನ ಸೇರಿ ಅವನ ಹಣ್ಣು ಕೊಂಡರೆ ಅದು ಸಹಾಯ, ಅದು ಬೇಕು. ಆದರೆ ಅದನ್ನು ನಿತ್ಯದ ನಿಯಮ ಮಾಡಿದರೆ ನಾವು ಆ ಕರಪತ್ರದ ಉರ್ದು ಅನುವಾದ ಮಾಡಿದಂತೆ. ಅದರಿಂದ ಕೆಡುವವರು ಮೊದಲು ನಮ್ಮವರೇ. ಹೇಗೂ ಇಲ್ಲಿಗೇ ಬರುತ್ತಾರೆ ಎಂದು ಗೊತ್ತಾದ ವ್ಯಾಪಾರಿಯ ತಕ್ಕಡಿ ನಿಧಾನವಾಗಿ ಒಂದು ಕಡೆಗೆ ವಾಲುತ್ತದೆ. ಹತ್ತು ಜನರಲ್ಲಿ ಇಬ್ಬರೇ ಮುಸ್ಲಿಮರಿರುವ ಊರಿನಲ್ಲಿ ಮುಸ್ಲಿಮ್ ವ್ಯಾಪಾರಿಗೆ ಉಳಿದ ಎಂಟು ಜನ ಬೇಕು. ಆ ಎಂಟು ಜನರನ್ನು ಬಿಟ್ಟುಕೊಡುವ ಘೋಷಣೆಯನ್ನು ನಾವೇ ಕೂಗುವುದು ಜಾಣತನವಲ್ಲ.

ಹೆಸರಿನ ವಿಷಯಕ್ಕೆ ಬಂದರೆ, ನಮ್ಮ ಊರುಗಳ ಅಂಗಡಿ ಫಲಕಗಳನ್ನು ಯಾರಾದರೂ ಕೂತು ಓದಬೇಕು. ನ್ಯಾಷನಲ್, ಭಾರತ್, ಸ್ಟಾರ್, ಸಿಟಿ, ನ್ಯೂ ಎಂಬ ಹೆಸರುಗಳ ಹಿಂದೆ ಎಷ್ಟೋ ಮುಸ್ಲಿಮ್ ಮಾಲಿಕರಿದ್ದಾರೆ. ಕೆಲವರು ಹೆಮ್ಮೆಯಿಂದ ಇಟ್ಟರು, ಕೆಲವರು ಅಂಜಿಕೆಯಿಂದ ಇಟ್ಟರು, ಎರಡನ್ನೂ ಬೇರ್ಪಡಿಸುವುದು ಕಷ್ಟ. ಇನ್ನೊಂದು ಕಡೆ ಅಯ್ಯಂಗಾರ್ ಬೇಕರಿ, ಉಡುಪಿ ಹೋಟೆಲ್ ಎಂಬ ಹೆಸರುಗಳು ಇಂಥ ರುಚಿ, ಇಂಥ ಶುಚಿ ಎಂಬ ಭರವಸೆಯಾಗಿ ನಾಡಿನಾದ್ಯಂತ ನಡೆಯುತ್ತವೆ. ಒಂದು ಸಮುದಾಯದ ಹೆಸರು ಗಿರಾಕಿಯನ್ನು ಕರೆಯುತ್ತದೆ, ಇನ್ನೊಂದನ್ನು ಫಲಕದಿಂದ ಇಳಿಸಿದರೆ ಕ್ಷೇಮ ಎನಿಸುತ್ತದೆ. ಈ ವ್ಯತ್ಯಾಸ 2022ರಲ್ಲಿ ಹುಟ್ಟಿದ್ದಲ್ಲ. ಆ ವರ್ಷ ಅದು ಬಾಯಿ ಬಿಟ್ಟು ಮಾತಾಡಿತು, ಅಷ್ಟೆ.

2024ರ ಜುಲೈನಲ್ಲಿ ಉತ್ತರ ಪ್ರದೇಶದಲ್ಲಿ ಇದು ಸರಕಾರದ ಆದೇಶವೇ ಆಯಿತು. ಮುಜಫ್ಫರ್‌ನಗರದ ಪೊಲೀಸರು ಕಾವಡ ಯಾತ್ರೆಯ ದಾರಿಯಲ್ಲಿರುವ ತಿಂಡಿ ಅಂಗಡಿಗಳ ಮಾಲಿಕರ ಹೆಸರನ್ನು ಬರೆದು ಹಾಕಬೇಕೆಂದರು, ರಾಜ್ಯ ಸರಕಾರ ಅದನ್ನು ವಿಸ್ತರಿಸಿತು. ಜುಲೈ 22ರಂದು ಸುಪ್ರೀಮ್ ಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಯಾವ ಬಗೆಯ ಆಹಾರ ಎಂದು ತಿಳಿಸಿದರೆ ಸಾಕು, ಹೆಸರು ಹಾಕುವಂತೆ ಒತ್ತಾಯಿಸುವಂತಿಲ್ಲ ಎಂಬುದು ಅದರ ತಾತ್ಪರ್ಯ. ನನಗೆ ಆ ಮಾತಿನಲ್ಲಿ ಕಾನೂನಿಗಿಂತ ಹೆಚ್ಚಾಗಿ ಸಂತೆಯ ವಿವೇಕ ಕಂಡಿತು. ಗಿರಾಕಿ ತಿಳಿಯಬೇಕಾದದ್ದು ತಟ್ಟೆಯಲ್ಲಿ ಏನಿದೆ ಎಂಬುದನ್ನು.

ಆದರೆ ಈ ಹೆಸರು ಈಗ ಬೇರೆ ಬಾಗಿಲಿನಿಂದಲೂ ಒಳಗೆ ಬರುತ್ತಿದೆ. ಹಣ ಕೊಡಲು ಅಂಗಡಿಯ ಮುಂದಿನ ಕ್ಯೂಆರ್ ಚಿತ್ರಕ್ಕೆ ಮೊಬೈಲು ಹಿಡಿದರೆ ಎಷ್ಟೋ ಸಲ ಖಾತೆದಾರನ ಪೂರ್ತಿ ಹೆಸರು ಪರದೆಯ ಮೇಲೆ ಮೂಡುತ್ತದೆ. ಇಪ್ಪತ್ತು ವರ್ಷ ಸ್ಟಾರ್ ಎಂದು ಕರೆಸಿಕೊಂಡ ಅಂಗಡಿ ಒಂದು ಕ್ಷಣದಲ್ಲಿ ತನ್ನ ಹೆಸರು ಹೇಳಿಬಿಡುತ್ತದೆ. ಹಾಗೆ ಹೆಸರು ಕಂಡ ಮೇಲೂ ಜನ ಸುಮ್ಮನೆ ಗುಂಡಿ ಒತ್ತಿ ಸಾಮಾನು ಎತ್ತಿಕೊಂಡು ಹೋಗುವುದನ್ನು ದಿನವೂ ನೋಡುತ್ತೇನೆ. ನಮ್ಮ ಕಾಲದ ಒಳ್ಳೆಯ ಸುದ್ದಿಗಳಲ್ಲಿ ಇದೂ ಒಂದು. ಯಾವ ಪತ್ರಿಕೆಯಲ್ಲೂ ಅದು ಬರುವುದಿಲ್ಲ.

ಹೀಗೆ ಹೇಳುತ್ತಾ ನಾನು ಊರಿನ ಸಂತೆಯನ್ನು ತೀರಾ ಹೊಗಳಿದಂತೆ ಆಯಿತೇನೋ. ಒಂದು ಕಹಿ ಮಾತನ್ನು ಸೇರಿಸಬೇಕು. ಈ ನಾಡಿನಲ್ಲಿ ಕೊಳ್ಳುವವರು ಹುಟ್ಟನ್ನು ನೋಡದೆ ಕೊಂಡರು ಎನ್ನುವುದು ಎಲ್ಲರ ಮಟ್ಟಿಗೆ ನಿಜವಲ್ಲ. ದಲಿತರು ತೆರೆದ ಚಹಾದ ಅಂಗಡಿಗೆ, ಹೋಟೆಲಿಗೆ, ಅವರು ಕರೆದ ಹಾಲಿಗೆ ಹಳ್ಳಿಗಳಲ್ಲಿ ಗಿರಾಕಿ ಸಿಗುವುದು ಎಷ್ಟು ಕಷ್ಟ ಎನ್ನುವುದು ಹಳ್ಳಿ ಕಂಡ ಎಲ್ಲರಿಗೂ ಗೊತ್ತು. ಅದಕ್ಕೆ ಫ್ಲೆಕ್ಸ್ ಕಟ್ಟಬೇಕಾಗಿರಲಿಲ್ಲ, ಕರಪತ್ರ ಹಂಚಬೇಕಾಗಿರಲಿಲ್ಲ. ಆ ಬಹಿಷ್ಕಾರಕ್ಕೆ ತಾರೀಖು ಇಲ್ಲ, ಆದ್ದರಿಂದ ಅದು ಸುದ್ದಿಯೂ ಆಗಲಿಲ್ಲ. ನಮ್ಮವರೂ ಅದರಲ್ಲಿ ಭಾಗಿಗಳೇ. ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಎಷ್ಟು ಜನ ದಲಿತರ ಹೋಟೆಲಿನಲ್ಲಿ ಕುಳಿತು ಊಟ ಮಾಡಿದ್ದೇವೆ? ನಮ್ಮ ಹಣ್ಣಿನ ಗಾಡಿಯನ್ನು ಮಗುಚಿದಾಗ ಬಂದ ಕಣ್ಣೀರು ಆ ಕಡೆಗೂ ಸ್ವಲ್ಪ ಹರಿಯದಿದ್ದರೆ ಅದು ಬರೀ ಸ್ವಂತದ ಅಳಲಾಗಿ ಉಳಿಯುತ್ತದೆ.

ಇದನ್ನೆಲ್ಲ ಯೋಚಿಸುವಾಗ ಉರ್ದು ಪಠ್ಯಪುಸ್ತಕದಲ್ಲಿ ಓದಿದ ಒಂದು ಕಥೆ ಮತ್ತೆ ಮತ್ತೆ ನೆನಪಾಗುತ್ತದೆ. ಪ್ರೇಮ್‌ಚಂದ್ 1930ರ ದಶಕದಲ್ಲಿ ಬರೆದ ಈದ್ಗಾಹ್. ಅದರ ಹಾಮಿದ್ ಎಂಬ ತಬ್ಬಲಿ ಹುಡುಗ ಈದಿನ ಜಾತ್ರೆಗೆ ಮೂರು ಪೈಸೆ ಹಿಡಿದು ಹೋಗುತ್ತಾನೆ. ಜೊತೆಯ ಹುಡುಗರು ಮಣ್ಣಿನ ಗೊಂಬೆ, ಮಿಠಾಯಿ ಕೊಳ್ಳುತ್ತಾರೆ. ಅವನು ಅಜ್ಜಿಯ ಬೆರಳು ರೊಟ್ಟಿ ಬೇಯಿಸುವಾಗ ಸುಡುವುದನ್ನು ನೆನೆದು ಇಕ್ಕಳ ಕೊಳ್ಳುತ್ತಾನೆ. ನಮ್ಮ ಮೇಷ್ಟರು ಇದನ್ನು ತ್ಯಾಗದ ಕಥೆ ಎಂದು ಪಾಠ ಮಾಡಿದರು. ವಿಮರ್ಶಕರು ಬಡತನದ ಕಥೆ, ಬಾಲ್ಯ ಕಳೆದುಕೊಂಡ ಬಾಲಕನ ಕಥೆ ಎಂದರು. ಎಲ್ಲವೂ ಸರಿ. ಆದರೆ ಇದು ಒಬ್ಬ ಗಿರಾಕಿಯ ಕಥೆಯೂ ಹೌದು. ಹಾಮಿದ್ ಪ್ರತಿ ಅಂಗಡಿಯ ಮುಂದೆ ಲೆಕ್ಕ ಹಾಕುತ್ತಾನೆ. ಗೊಂಬೆ ಬಿದ್ದರೆ ಒಡೆಯುತ್ತದೆ, ಮಿಠಾಯಿ ತಿಂದರೆ ಮುಗಿಯುತ್ತದೆ. ಕಬ್ಬಿಣದ ಸಾಮಾನಿನ ಅಂಗಡಿಯವನು ಇದು ನಿನಗಲ್ಲ ಎಂಬ ಧಾಟಿಯಲ್ಲಿ ಮಾತಾಡಿದಾಗ, ಮಾರಲು ಇಟ್ಟದ್ದೋ ಅಲ್ಲವೋ ಎಂದು ಕೇಳುತ್ತಾನೆ. ಬೆಲೆ ಚೌಕಾಸಿ ಮಾಡುತ್ತಾನೆ, ಮುಂದೆ ಹೋಗುತ್ತಾನೆ, ಅಂಗಡಿಯವನು ಕರೆದು ಕೊಡುತ್ತಾನೆ.

ಕಥೆಗಾರ್ತಿಯಾಗಿ ನನ್ನ ಗಮನ ಸೆಳೆದದ್ದು ಇನ್ನೊಂದು. ಆ ಊರಿನ ಗಂಡಸರು ಹಬ್ಬದ ಖರ್ಚಿಗೆ ಸಾಲ ಕೇಳಲು ಓಡುವ ಚೌಧರಿಯ ಹೆಸರನ್ನು ಪ್ರೇಮ್‌ಚಂದ್ ಹೇಳುತ್ತಾರೆ. ಹುಡುಗರ ಹೆಸರು ಹೇಳುತ್ತಾರೆ, ಅಜ್ಜಿಯ ಹೆಸರು ಹೇಳುತ್ತಾರೆ. ಇಕ್ಕಳ ಮಾರಿದವನ ಹೆಸರನ್ನು ಮಾತ್ರ ಹೇಳುವುದಿಲ್ಲ. ಅವನು ಹಿಂದೂವೋ ಮುಸ್ಲಿಮನೋ ಕಥೆಯಲ್ಲಿ ಗೊತ್ತಾಗುವುದಿಲ್ಲ. ಲೇಖಕರು ಅದನ್ನು ಬೇಕೆಂದೇ ಮುಚ್ಚಿಟ್ಟರು ಎಂದು ನಾನು ಹೇಳಲಾರೆ. ಬಹುಶಃ ಅವರಿಗೆ ಅದು ಹೊಳೆಯಲೇ ಇಲ್ಲ, ಹಾಮಿದನಿಗೂ ಹೊಳೆಯಲಿಲ್ಲ. ಇವತ್ತು ನಾವು ಯಾರಾದರೂ ಅದೇ ಕಥೆ ಬರೆದರೆ ಅಂಗಡಿಯವನಿಗೆ ಹೆಸರಿಡದೆ ಬಿಡುತ್ತೇವೆಯೇ? ಸೌಹಾರ್ದದ ಕಥೆಯಾಗಲೆಂದು ಅವನಿಗೆ ಒಂದು ಹಿಂದೂ ಹೆಸರನ್ನು ಇಟ್ಟೇ ಇಡುತ್ತೇವೆ, ಕೊನೆಗೆ ಅವನಿಂದ ಒಂದು ಒಳ್ಳೆಯ ಮಾತನ್ನೂ ಆಡಿಸುತ್ತೇವೆ. ನಾನು ಹಾಗೆ ಮಾಡಿದ್ದೇನೆ. ನನ್ನ ಅಂಥ ಒಂದೆರಡು ಕಥೆಗಳನ್ನು ಈಗ ಓದಿದರೆ ಅಂಗಡಿಯವನು ಸಾಮಾನು ಮಾರುವುದೇ ಇಲ್ಲ, ಬರೀ ಸಂದೇಶ ಮಾರುತ್ತಾನೆ.

ಕೊನೆಯದಾಗಿ ಆ್ಯಪುಗಳ ಮಾತು. ದೊಡ್ಡ ನಗರಗಳಲ್ಲಿ ಹತ್ತು ನಿಮಿಷದಲ್ಲಿ ಸಾಮಾನು ಬಾಗಿಲಿಗೆ ಬರುತ್ತದೆ. ಅಲ್ಲಿ ಅಂಗಡಿಯವನ ಮುಖವೇ ಇಲ್ಲವಾದ್ದರಿಂದ ಧರ್ಮದ ತಂಟೆಯೂ ಇಲ್ಲ, ಅದೇ ಒಳ್ಳೆಯದು ಎಂದು ಬೆಂಗಳೂರಿನಲ್ಲಿರುವ ನನ್ನ ಬಂಧುಗಳು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. 2019ರಲ್ಲಿ ಜಬಲ್ಪುರದ ಒಬ್ಬ ಗಿರಾಕಿ ಊಟ ತರುವ ಹುಡುಗನ ಹೆಸರನ್ನು ಆ್ಯಪಿನಲ್ಲೇ ನೋಡಿ ಆರ್ಡರ್ ರದ್ದು ಮಾಡಿದ. ಝೊಮ್ಯಾಟೊ ಸಂಸ್ಥೆ ಅವನ ಮಾತಿಗೆ ಮಣಿಯಲಿಲ್ಲ, ಅದು ಅವರ ಒಳ್ಳೆಯತನ. ಆದರೆ ಆ ಗಿರಾಕಿಗೆ ಆ ಹುಡುಗನ ಬಗ್ಗೆ ಹೆಸರೊಂದನ್ನು ಬಿಟ್ಟು ಬೇರೇನೂ ಗೊತ್ತಿರಲಿಲ್ಲ ಎನ್ನುವುದನ್ನು ಗಮನಿಸಬೇಕು. ಅಂಗಡಿಯವನ ತಕ್ಕಡಿ, ತಾಳ್ಮೆ, ಚಿಲ್ಲರೆ, ಉದ್ರಿ ಪುಸ್ತಕ ಎಲ್ಲವೂ ನಮಗೆ ಗೊತ್ತಿದ್ದಾಗ ಹೆಸರು ಅವುಗಳ ನಡುವೆ ಒಂದು ಸಣ್ಣ ವಿಷಯ. ಉಳಿದದ್ದೆಲ್ಲ ಮಾಯವಾದರೆ ಹೆಸರೇ ಎಲ್ಲವೂ ಆಗುತ್ತದೆ. ಮೊದಲೇ ಪ್ಯಾಕೆಟಿನ ಸಾಮಾನಿಗೆ ಎಲ್ಲ ಅಂಗಡಿಯಲ್ಲೂ ಒಂದೇ ತೂಕ, ಒಂದೇ ಮುದ್ರಿತ ಬೆಲೆ. ಒಂದು ಅಂಗಡಿಯನ್ನು ಇನ್ನೊಂದರಿಂದ ಬೇರೆ ಮಾಡುವ ಕಾರಣಗಳು ಒಂದೊಂದಾಗಿ ಕಳಚುತ್ತಿವೆ. ಆ ಖಾಲಿ ಜಾಗಕ್ಕೆ ಕರಪತ್ರ ಬಂದು ಕೂರುವುದು ಸುಲಭ.

ಆದ್ದರಿಂದ ನಮ್ಮ ವ್ಯಾಪಾರಿಗಳಿಗೆ ನಾನು ಹೇಳುವುದು ಸೌಹಾರ್ದದ ಉಪದೇಶವಲ್ಲ. ತಕ್ಕಡಿ ಸರಿಯಿರಲಿ. ಮಕ್ಕಳು ಬಂದಾಗ ಮೊದಲು ಅವರಿಗೆ ಕೊಡಿ. ಹುಳ ಬಿದ್ದದ್ದನ್ನು ವಾಪಸು ತೆಗೆದುಕೊಳ್ಳಿ. ಖಾತೆ ಪುಸ್ತಕದ ಗುಟ್ಟು ಪುಸ್ತಕದಲ್ಲೇ ಇರಲಿ. ಗಿರಾಕಿಗೆ ನಿಮ್ಮ ಅಂಗಡಿಗೆ ಬರಲು ಹತ್ತು ಕಾರಣಗಳಿದ್ದರೆ ಹನ್ನೊಂದನೆಯದಾದ ನಿಮ್ಮ ಹೆಸರನ್ನು ತೋರಿಸಿ ಅವರನ್ನು ತಡೆಯುವುದು ಯಾರಿಗೂ ಸುಲಭವಲ್ಲ. ಅಷ್ಟಾದರೂ ತಡೆದರೆ, ಗಾಡಿ ಮಗುಚಿದರೆ, ಅದು ಗಿರಾಕಿಯ ತಪ್ಪಲ್ಲ, ವ್ಯಾಪಾರಿಯ ಕೊರತೆಯೂ ಅಲ್ಲ. ಅದು ಪೊಲೀಸರು ಮತ್ತು ಕಾನೂನು ಎದುರಿಸಬೇಕಾದ ಅಪರಾಧ. ಅದನ್ನು ಒಳ್ಳೆಯ ತೂಕದಿಂದ ಗೆಲ್ಲಿರಿ ಎಂದು ವ್ಯಾಪಾರಿಗೆ ಹೇಳಿ ಸರಕಾರ ಕೈ ತೊಳೆದುಕೊಳ್ಳುವಂತಿಲ್ಲ.

ಶೆಟ್ಟರು ಈಗಿಲ್ಲ. ಅಂಗಡಿಯನ್ನು ಮಗ ನಡೆಸುತ್ತಾನೆ. ನನ್ನ ಮಗಳು ಮೊಬೈಲಿನಲ್ಲಿ ಅವನಿಗೆ ಚೀಟಿ ಕಳಿಸುತ್ತಾ ಅರಿಶಿನದ ಕಾಗುಣಿತ ತಪ್ಪಿ ಬರೆಯುತ್ತಾಳೆ, ತಿದ್ದುವವರಿಲ್ಲ. ಹೋದ ತಿಂಗಳು ಹತ್ತಿರದಲ್ಲೇ ಹೊಸದೊಂದು ಅಂಗಡಿ ಶುರುವಾಯಿತು, ನಮ್ಮವರದೇ. ಇನ್ನು ಎಲ್ಲಿಂದ ತರಿಸುತ್ತೀಯ ಎಂದು ಮಗಳನ್ನು ಕೇಳಿದೆ. ಸಕ್ಕರೆ, ಸೋಪು ಹೊಸ ಅಂಗಡಿಯಿಂದ, ಬೇಳೆ ಮಾತ್ರ ಶೆಟ್ಟರ ಅಂಗಡಿಯಿಂದ ಎಂದಳು. ಅಲ್ಲಿಯ ಬೇಳೆ ಬೇಗ ಬೇಯುತ್ತದಂತೆ.